ಮದುವೆ ಕುಕ್ಕರ್ ಮತ್ತು ಹದಿನೇಳನೇ ನಂಬರಿನ ಸರ್ಪಗಂಧ

ನಾನು ಒಂದು ಕುಕ್ಕರ್. ಹನ್ನೆರಡು ಲೀಟರಿನದು. ಮೂರು ಲೀಟರಿನ ಚೋಟುದ್ದದ ಕುಕ್ಕರುಗಳ ಜೊತೆ ನನ್ನನ್ನು ಸೇರಿಸಿ ಮಾತಾಡಬೇಡಿ, ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ನಮ್ಮವರು ಹೇಗೆ ಆಡುತ್ತಾರೆ ಅನ್ನೋದು ನಿಮ್ಮ ಮನೆಯಲ್ಲೇ ದಿನಾ ನೋಡುತ್ತಿರುತ್ತೀರಿ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಮೊದಲು ದುಂಡಗೆ ಕತ್ತರಿಸಿದ ಅಲ್ಯೂಮಿನಿಯಂ ತಗಡಾಗಿದ್ದೆ. ದೊಡ್ಡ ಪ್ರೆಸ್ಸಿನ ಕೆಳಗೆ ಇಟ್ಟು ಒಂದೇ ಏಟು ಒತ್ತಿದರು ನೋಡಿ, ಅಯ್ಯಪ್ಪಾ, ಈಗಲೂ ನೆನೆಸಿಕೊಂಡರೆ ತಳ ಜುಮ್ಮೆನ್ನುತ್ತದೆ. ಆಮೇಲೆ ಹಿಡಿ ಬಂತು, ಮುಚ್ಚಳ ಬಂತು, ಮುಚ್ಚಳದೊಳಗೆ ರಬ್ಬರಿನ ಗ್ಯಾಸ್ಕೆಟ್ ಬಂತು, ನೆತ್ತಿಯ ಮೇಲೆ ವೆಯ್ಟ್ ಬಂತು. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂರಿಸಿ ಲಾರಿ ಹತ್ತಿಸಿದರು. ಇಳಿದದ್ದು ತುಮಕೂರಿನ ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ.

ಅಲ್ಲಿಂದ ನನ್ನನ್ನು ಕೊಂಡವರು ಊರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರು. ಅವರ ವಿಭಾಗಕ್ಕೆ ಹೊಸದಾಗಿ ಸೇರಿದ್ದ ವಿಮಲಾಕ್ಷಿ ಮೇಡಂಗೆ ಮದುವೆ. ಎಲ್ಲ ಸೇರಿ ಉಡುಗೊರೆ ಕೊಡಬೇಕು, ಕೊಟ್ಟದ್ದು ಹತ್ತು ಜನಕ್ಕೆ ಕಾಣಬೇಕು. ಅಂಗಡಿಯವನು ಗಿರ್ರನೆ ತಿರುಗುವ ಮೊಳೆಯಿಂದ ನನ್ನ ಹೊಟ್ಟೆಯ ಮೇಲೆ ಬರೆದ: 'ಸೌ. ವಿಮಲಾಕ್ಷಿಗೆ, ಸಸ್ಯಶಾಸ್ತ್ರ ಬಳಗದ ಪ್ರೀತಿಯ ಕಾಣಿಕೆ.' ಕಚಗುಳಿ ತಡೆಯಲಾರದೆ ಒದ್ದಾಡಿಹೋದೆ. ಆದರೆ ಆ ಬರಹವೇ ನನ್ನನ್ನು ಉಳಿಸಿತು ಅನ್ನಿ. ಆ ಮದುವೆಗೆ ಒಟ್ಟು ಐದು ಕುಕ್ಕರ್ ಬಂದಿದ್ದವು. ಉಳಿದ ನಾಲ್ಕನ್ನು ಮುಂದಿನ ವರ್ಷಗಳಲ್ಲಿ ಹೊಸ ಕಾಗದ ಸುತ್ತಿ ಬೇರೆಯವರ ಮದುವೆಗೆ ದಾಟಿಸಿದರು. ಹೆಸರು ಕೊರೆದ ಪಾತ್ರೆಯನ್ನು ಯಾರಿಗೆ ಅಂತ ದಾಟಿಸುತ್ತಾರೆ? ನಾನು ಆ ಮನೆಯಲ್ಲೇ ಉಳಿದೆ.

ಮನೆಯಲ್ಲಿ ಹದಿಮೂರು ಜನ. ಅಡಿಗೆಮನೆಯ ಯಜಮಾನಿಕೆ ಮೇಡಂ ಅತ್ತೆ ಸಿದ್ದಗಂಗಮ್ಮನದು. ಆಹಾ, ಆ ದಿನಗಳು! ಅವರೆಕಾಯಿ ಕಾಲದಲ್ಲಿ ಬಾಯಿತನಕ ಅವರೆಕಾಳು. ನಾನು ಮೊದಲ ಕೂಗು ಕೂಗಿದರೆ ಹಜಾರದಲ್ಲಿ ಕೂತಿದ್ದವರು ಕೈ ತೊಳೆಯಲು ಏಳುತ್ತಿದ್ದರು. ಮೂರನೇ ಕೂಗಿಗೆ ಸಿದ್ದಗಂಗಮ್ಮ 'ಸಾಕು ಬಾಯ್ಮುಚ್ಚೇ' ಅಂತ ಉರಿ ಆರಿಸುತ್ತಿದ್ದಳು. ಬೈದರೂ ಪ್ರೀತಿಯಿತ್ತು. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು, ಹದಿಮೂರು ಹೋಗಿ ಮೂರು ಜನ ಉಳಿದರು. ಮೂರು ಜನಕ್ಕೆ ನಾನೇಕೆ? ಸಜ್ಜಾ ಮೇಲೆ ಹತ್ತಿಸಿದರು. ಧೂಳು ಕುಡಿಯುತ್ತಾ ಏಳೆಂಟು ವರ್ಷ ಅಲ್ಲೇ ಕೂತೆ, ಒಂದು ಕೂಗಿಲ್ಲ, ಒಂದು ಮಾತಿಲ್ಲ.

ಒಂದು ಭಾನುವಾರ ಮೇಡಂ ಸ್ಟೂಲು ಹಾಕಿಕೊಂಡು ಬಂದು ನನ್ನನ್ನು ಇಳಿಸಿದರು. ಮತ್ತೆ ಅಡಿಗೆಮನೆ ಅಂತ ಹಿಗ್ಗಿದೆ. ಇಲ್ಲ, ಆಟೋದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಕರೆದೊಯ್ದರು. ಅಲ್ಲಿ ಅವರು ಒಂದು ಸಣ್ಣ ಪ್ರಯೋಗಾಲಯ ಕಟ್ಟುತ್ತಿದ್ದರು. ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್ ಅನ್ನೋ ಯಂತ್ರ ಬೇಕಿತ್ತು. ಅರ್ಜಿ ಹಾಕಿ ಎರಡು ವರ್ಷವಾದರೂ ಅದು ಬಂದಿರಲಿಲ್ಲ.

"ಇದರಲ್ಲೇ ಮಾಡೋಣ ಬಿಡಿ," ಅಂದರು ಮೇಡಂ. "ಬೇಳೆ ಬೇಯುತ್ತೆ ಅಂದ್ಮೇಲೆ ಬ್ಯಾಕ್ಟೀರಿಯಾ ಬೇಯಲ್ವಾ?"

ಹೀಗೆ ನಾನು ವಿಜ್ಞಾನಕ್ಕೆ ಬಂದೆ. ಮೊದಮೊದಲು ಅವಮಾನವಾಯಿತು. ಇಲ್ಲಿ ಕೂಗಿನ ಲೆಕ್ಕವೇ ಇಲ್ಲ. ಮೊದಲ ಕೂಗಾದ ತಕ್ಷಣ ಉರಿ ತಗ್ಗಿಸಿ, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಉಸಿರು ಕಟ್ಟಿ ಕೂರಿಸುತ್ತಿದ್ದರು. ಬೇಯಿಸುತ್ತಿದ್ದುದಾದರೂ ಏನು? ಸಕ್ಕರೆ ನೀರು, ಒಂದಷ್ಟು ಲವಣ, ಒಂದು ಲೋಟ ತಿಪಟೂರಿನ ಎಳನೀರು, ಗಟ್ಟಿಯಾಗಲಿ ಅಂತ ಕಡಲಪಾಚಿಯ ಅಂಟು. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆ ಮೊದಲೇ ಇಲ್ಲ. ಇದನ್ನು ಯಾವ ಜನ್ಮದವರು ಉಣ್ಣುತ್ತಾರಪ್ಪ ಅಂದುಕೊಂಡೆ.

ಉಣ್ಣುವವರು ಯಾರು ಅಂತ ಮಂಗಳಗೌರಿ ಬಂದ ಮೇಲೆ ತಿಳಿಯಿತು. ಅವಳು ಮೇಡಂ ಹತ್ತಿರ ಡಾಕ್ಟರೇಟಿಗೆ ಸೇರಿದವಳು, ಕೊರಟಗೆರೆ ಕಡೆಯ ಹಳ್ಳಿಯವಳು. ಕೆಲಸ ಮಾಡುವಾಗ ನನ್ನ ಜೊತೆ ಮಾತಾಡುವ ಅಭ್ಯಾಸ ಅವಳಿಗೆ. ಅವಳ ಮಾತಿನಿಂದಲೇ ನಾನು ಎಲ್ಲ ಕಲಿತೆ. ಸರ್ಪಗಂಧ ಅನ್ನೋ ಗಿಡದ ಬೇರಿನಲ್ಲಿ ಔಷಧದ ಸತ್ವ ಇದೆ. ಬೇರು ಬೇಕೆಂದರೆ ಗಿಡವನ್ನೇ ಅಗೆಯಬೇಕು, ಅಗೆದರೆ ಗಿಡ ಸತ್ತಂತೆ. ಹಾಗಾಗಿ ಇವರು ಎಲೆಯ ಉಗುರಗಲದ ಚೂರೊಂದನ್ನು ಚೆನ್ನಾಗಿ ತೊಳೆದು, ನಾನು ಬೇಯಿಸಿಕೊಟ್ಟ ಆ ಸಪ್ಪೆ ಊಟದ ಮೇಲೆ ಇಡುತ್ತಾರೆ. ಚೂರು ಎಲೆಯಾಗಿ ಬೆಳೆಯೋದಿಲ್ಲ, ಬೇರಾಗಿಯೂ ಬೆಳೆಯೋದಿಲ್ಲ. ತಿಂಗಳೊಪ್ಪತ್ತಿನಲ್ಲಿ ಬರೀ ಜೀವಕೋಶಗಳ ಒಂದು ಮೆತ್ತನೆ ಗಂಟಾಗುತ್ತದೆ. ಆ ಗಂಟನ್ನು ಮುರಿದು ದ್ರವದ ಊಟಕ್ಕೆ ಬಿಟ್ಟು, ಶೇಕರ್ ಅನ್ನೋ ಕುಲುಕುವ ಯಂತ್ರದ ಮೇಲಿಟ್ಟರೆ ಕೋಶಗಳು ಸಾವಿರ ಪಟ್ಟು ಹೆಚ್ಚುತ್ತವೆ. ಬೇರಿನ ಸತ್ವವನ್ನು ಬೇರಿಲ್ಲದೆ ಇಲ್ಲೇ ತಯಾರಿಸುತ್ತವೆ. ಗಿಡದ ಮೈಗೆ ಒಂದು ಗಾಯವಿಲ್ಲ, ಬೆಟ್ಟದಲ್ಲಿ ಒಂದು ಗುಂಡಿಯಿಲ್ಲ.

ಕೇಳಿ ನನಗೆ ಹೆಮ್ಮೆಯಾಯಿತು. ಅಲ್ಲಿಂದ ಮುಂದೆ ಉಸಿರು ಕಟ್ಟಿ ಕೂರೋದಕ್ಕೆ ಬೇಜಾರು ಪಡಲಿಲ್ಲ.

ಆದರೆ ಹೇಳಿದಷ್ಟು ಸುಲಭವಲ್ಲ. ಎಲ್ಲ ಗಿಡದ ಕೋಶವೂ ಸತ್ವ ಕೊಡೋದಿಲ್ಲ. ಮಂಗಳಗೌರಿ ಬೇರೆ ಬೇರೆ ಕಡೆಯ ಸರ್ಪಗಂಧದ ಗಿಡಗಳ ಎಲೆ ತಂದು ನಂಬರು ಕೊಟ್ಟು ಬೆಳೆಸಿದಳು. ಒಂದನೇ ನಂಬರು ಬೆಳೆಯಲೇ ಇಲ್ಲ, ಐದನೆಯದು ಬೂಷ್ಟು ಹಿಡಿಯಿತು, ಹನ್ನೊಂದನೆಯದು ದಷ್ಟಪುಷ್ಟವಾಗಿ ಬೆಳೆದು ಸತ್ವ ಮಾತ್ರ ಸೊನ್ನೆ ಕೊಟ್ಟಿತು. ನಾಲ್ಕನೇ ವರ್ಷ, ಅವಳ ಊರಿನ ಹಿಂದಿನ ಹಳ್ಳದ ಬದಿಯಲ್ಲಿದ್ದ ಒಂದೇ ಒಂದು ಗಿಡದ ಎಲೆ ಹದಿನೇಳನೇ ನಂಬರಾಯಿತು. ಅದು ಕೊಟ್ಟಿತು ನೋಡಿ, ಉಳಿದೆಲ್ಲದರ ಹತ್ತರಷ್ಟು! ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಲೆಕ್ಕ ನೋಡಿದರು.

ಇನ್ನಷ್ಟು ಎಲೆ ತರೋಣ ಅಂತ ಮಂಗಳಗೌರಿ ಊರಿಗೆ ಹೋದಳು. ಗಿಡವಿದ್ದ ಜಾಗದಲ್ಲಿ ಮೊಣಕಾಲುದ್ದದ ಗುಂಡಿಯಿತ್ತು. ಬೇರು ಮಾರುವವರು ಯಾರೋ ಅಗೆದೊಯ್ದಿದ್ದರು. ವಾಪಸು ಬಂದವಳು ನನ್ನನ್ನು ಉಜ್ಜಿ ಉಜ್ಜಿ ತೊಳೆದಳು. ಇನ್ನು ಆ ಗಿಡ ಅಂತ ಈ ಭೂಮಿಯ ಮೇಲೆ ಏನಾದರೂ ಉಳಿದಿದ್ದರೆ ಅದು ನಮ್ಮ ಬಾಟಲಿಗಳಲ್ಲಿ ಮಾತ್ರ. ಇನ್ನೊಂದು ಸಲ ಅದೇ ಸತ್ವ ತೆಗೆದು ತೋರಿಸಿದರೆ ಅವಳ ಪ್ರಬಂಧ ಮುಗಿಯುತ್ತಿತ್ತು. ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವಿಗೆ ಆರು ತಿಂಗಳು ಬಾಕಿಯಿತ್ತು.

ಆಗ ನಮ್ಮ ವಿಭಾಗಕ್ಕೆ ಬಂದ ಗಂಗಹನುಮಯ್ಯ. ಐವತ್ತೈದರ ಅಟೆಂಡರ್. ಇಪ್ಪತ್ತು ವರ್ಷ ಭೌತಶಾಸ್ತ್ರದ ಲ್ಯಾಬಿನಲ್ಲಿದ್ದವನು. ಬಹಳ ಒಳ್ಳೆ ಮನುಷ್ಯ ಕಣ್ರೀ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಕೇಳಿ ನೀವು ಅವನನ್ನು ಬೈದುಕೊಳ್ಳಬಾರದು. ನನ್ನ ತಳ ಇಷ್ಟು ಬೆಳ್ಳಗಾದದ್ದು ಅವನ ಕೈಯಿಂದಲೇ.

ಆಯುಧಪೂಜೆ ಬಂತು. ಗುರುವಾರ ಪೂಜೆ, ಶುಕ್ರವಾರ ವಿಜಯದಶಮಿ, ಎರಡನೇ ಶನಿವಾರ, ಭಾನುವಾರ, ಸಾಲು ರಜೆ. ಮಂಗಳಗೌರಿ ಬುಧವಾರ ಸಂಜೆಯ ಬಸ್ಸಿಗೆ ಊರಿಗೆ ಹೊರಟಳು. ಹೊರಡುವ ಮುಂಚೆ ಹದಿನೇಳನೇ ನಂಬರಿನ ಒಂಬತ್ತು ಹಳೇ ಬಾಟಲಿ ನನ್ನೊಳಗೆ ಜೋಡಿಸಿದಳು. ಅವು ಎರಡು ತಿಂಗಳಿಂದ ಊಟ ಬದಲಿಸದೆ ಕಂದು ತಿರುಗಿದ್ದ ಗಂಟುಗಳು. ಬಿಸಾಡುವ ಮುಂಚೆ ಅವನ್ನೂ ನನ್ನಲ್ಲಿ ಬೇಯಿಸಿಯೇ ತೊಳೆಯಬೇಕು, ಅದು ಲ್ಯಾಬಿನ ನಿಯಮ. ಹೊಸಬರಿಗೆ ಊಟ ಬೇಯಿಸೋದೂ ನಾನೇ, ಹಳಬರನ್ನು ಸಾಯಿಸೋದೂ ನಾನೇ.

"ಗಂಗಣ್ಣ, ನಾಳೆ ಲ್ಯಾಬ್ ಗುಡಿಸೋಕೆ ಬರ್ತೀರಲ್ಲ, ಆಗ ಇದನ್ನ ಒಂದು ಇಪ್ಪತ್ತು ನಿಮಿಷ ಬೇಯಿಸಿ ತೊಳೆದುಬಿಡಿ," ಅಂದಳು.

"ಆಯ್ತು ಕಣವ್ವ, ಹುಷಾರಾಗಿ ಹೋಗ್ಬಾ," ಅಂದ ಅವನು.

ಗುರುವಾರ ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಬುಟ್ಟಿ ತುಂಬ ಚೆಂಡುಹೂ ಹಿಡಿದುಕೊಂಡು ಬಂದ. ನೆಲ ತೊಳೆದ, ಬಾಗಿಲಿಗೆ ಮಾವಿನೆಲೆ ಕಟ್ಟಿದ. ಆಮೇಲೆ ಶೇಕರಿನ ಮುಂದೆ ಕೈಮುಗಿದು ನಿಂತು, "ವರ್ಷವೆಲ್ಲ ಒಂದೇ ಸಮ ಕುಲುಕ್ತೀಯಲ್ಲಪ್ಪ, ಇವತ್ತೊಂದಿನ ಸುಧಾರಿಸ್ಕೋ," ಅಂತ ಸ್ವಿಚ್ ಆರಿಸಿದ. ಏಸಿಯನ್ನೂ ಆರಿಸಿದ. ಭೌತಶಾಸ್ತ್ರದಲ್ಲಿ ಇಪ್ಪತ್ತು ವರ್ಷವೂ ಹಾಗೇ ಮಾಡಿದ್ದ. ಆಯುಧಕ್ಕೆ ಹಬ್ಬದ ದಿನ ಕೆಲಸ ಹೇಳಬಾರದು, ವಿಜಯದಶಮಿ ಕಳೆದ ಮೇಲೇ ಮುಟ್ಟಬೇಕು. ಆರಿಸಬೇಡಿ ಅಂತ ಮಂಗಳಗೌರಿ ಶೇಕರಿಗೆ ಚೀಟಿ ಅಂಟಿಸಿದ್ದಳು ನಿಜ, ಆದರೆ ಅದು ಇಂಗ್ಲಿಷಿನಲ್ಲಿತ್ತು. ಗಂಗಹನುಮಯ್ಯ ಓದುವುದು ಕನ್ನಡ ಮಾತ್ರ.

ಅಯ್ಯೋ ಶಿವನೇ ಅಂದುಕೊಂಡೆ. ಕುಲುಕುತ್ತಿದ್ದರೆ ತಾನೇ ದ್ರವದೊಳಗಿನ ಕೋಶಗಳಿಗೆ ಗಾಳಿ? ನಿಲ್ಲಿಸಿದರೆ ತಳಕ್ಕೆ ಕೂತು ಉಸಿರುಗಟ್ಟಿ ಸಾಯುತ್ತವೆ. ಅಷ್ಟಕ್ಕೇ ಮುಗಿಯಲಿಲ್ಲ. ಕಪಾಟಿನಲ್ಲಿ ಹದಿನೇಳನೇ ನಂಬರಿನ ನಲವತ್ತು ಬಾಟಲಿ ಸಾಲಾಗಿ ಕೂತಿದ್ದವು, ಬಾಯಿಗೆ ಹತ್ತಿಯ ಬಿರಡೆ ಹಾಕಿಕೊಂಡು. ಒಂದನ್ನೂ ಬಿಡದೆ, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಬೆರಳಲ್ಲಿ ಅದ್ದಿ ನಲವತ್ತು ಬಿರಡೆಗೂ ಬೊಟ್ಟಿಟ್ಟ. ಹತ್ತಿ ಒದ್ದೆಯಾದರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಪಾಪ, ಮಗಳಿಗೆ ಇಟ್ಟಷ್ಟು ನಾಜೂಕಾಗಿ ಇಟ್ಟ.

ಕೊನೆಗೆ ನನ್ನ ಹತ್ತಿರ ಬಂದ. ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ವೆಯ್ಟಿನ ಮೇಲೊಂದು ಹೂ ಸಿಕ್ಕಿಸಿದ. ಬೇಯಿಸಬೇಕಾದ್ದು ನೆನಪಾಗಿರಬೇಕು, ಒಂದು ಗಳಿಗೆ ಯೋಚಿಸಿದ. "ಹಬ್ಬದ ದಿನ ನಿನಗೆ ಉರಿ ಇಡೋದಾ? ಬ್ಯಾಡ ಬಿಡು, ಸೋಮವಾರ ಆದ್ರಾಯ್ತು," ಅಂದು ಧೂಪ ಹಾಕಿ ಬಾಗಿಲೆಳೆದುಕೊಂಡು ಹೋದ.

ನಾಲ್ಕು ದಿನ ಲ್ಯಾಬಿನಲ್ಲಿ ಒಂದು ಸದ್ದಿಲ್ಲ. ನಾನು ಶೇಕರಿನ ಕಡೆಯೇ ನೋಡುತ್ತಾ ಕೂತೆ. ನನ್ನಿಂದ ಏನು ಮಾಡಲಾದೀತು?

ಸೋಮವಾರ ಹತ್ತು ಗಂಟೆಗೆ ಮಂಗಳಗೌರಿ ಬಂದಳು. ಬಾಗಿಲಲ್ಲೇ ನಿಂತಳು, ಶೇಕರಿನ ಸದ್ದು ಕೇಳಿಸಲಿಲ್ಲವಲ್ಲ. ಓಡಿಬಂದು ಅದರ ಮೇಲಿದ್ದ ಗಾಜಿನ ಫ್ಲಾಸ್ಕುಗಳನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಕಪ್ಪು ಗಸಿ, ಕೊಳೆತ ವಾಸನೆ. ಕಪಾಟಿಗೆ ಹೋದಳು. ಒಂದೊಂದು ಬಿರಡೆಯ ಮೇಲೆ ಕೆಂಪು ಬೊಟ್ಟು, ಅದರ ಕೆಳಗೆ ಬಾಟಲಿಯೊಳಗೆ ಹಸಿರು ಬೂಷ್ಟು. ನಲವತ್ತಕ್ಕೆ ನಲವತ್ತೂ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅದೇ ಹೊತ್ತಿಗೆ ಗಂಗಹನುಮಯ್ಯ ಕಾಗದದ ಪೊಟ್ಟಣದಲ್ಲಿ ಕಡ್ಲೆಪುರಿ ಹಿಡಿದು ನಗುನಗುತ್ತಾ ಬಂದ. "ತಗೋ ಗೌರಮ್ಮ, ಪೂಜೆ ಪ್ರಸಾದ. ಎಲ್ಲಾದಕ್ಕೂ ಚೆನ್ನಾಗಿ ಪೂಜೆ ಮಾಡಿವ್ನಿ."

ಅವಳು ತಲೆಯೆತ್ತಿ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ. "ಎಲ್ಲಾ ಸತ್ತೋಯ್ತು ಗಂಗಣ್ಣ," ಅಂದಳು ಅಷ್ಟೇ.

ಮೇಡಂ ಬಂದರು. ಒಂದೊಂದು ಬಾಟಲಿಯನ್ನೂ ಎತ್ತಿ ನೋಡಿದರು. ಗಂಗಹನುಮಯ್ಯನಿಗೆ ನಡೆದದ್ದು ಒಂದೊಂದಾಗಿ ಅರ್ಥವಾಗುತ್ತಾ ಬಂತು. "ನನ್ನ ಕೈ ಸೇದೋಗ, ಮೇಡಮ್ಮೋರೇ. ಒಳ್ಳೇದಾಗ್ಲಿ ಅಂತ ಮಾಡ್ದೆ, ದೇವರಾಣೆ," ಅಂತ ಹಣೆ ಬಡಿದುಕೊಂಡ.

"ತಪ್ಪು ನಂದೂ ಇದೆ ಗಂಗಹನುಮಯ್ಯ. ಇದೆಲ್ಲಾ ಜೀವ ಇರೋದು ಅಂತ ನಿಮಗೆ ಒಬ್ಬರಾದ್ರೂ ಕೂರಿಸಿ ಹೇಳಿದ್ವಾ?" ಅಂದರು ಮೇಡಂ. ಆಮೇಲೆ, "ಗೌರಿ, ಬೂಷ್ಟು ರೂಮೆಲ್ಲಾ ಹರಡುತ್ತೆ. ಎಲ್ಲಾನೂ ಕುಕ್ಕರಿಗೆ ಹಾಕಿ ಬೇಯಿಸಿಬಿಡಮ್ಮ," ಅಂದರು.

ಆಗ ಗಂಗಹನುಮಯ್ಯನ ಕಣ್ಣಿಗೆ ನಾನು ಬಿದ್ದೆ. ಅಯ್ಯೋ, ಗುರುವಾರ ಮಾಡಬೇಕಿದ್ದ ಕೆಲಸವನ್ನೂ ಮಾಡಿಲ್ಲವಲ್ಲ, ಇದಕ್ಕೂ ಎಲ್ಲಿ ಬೈಸಿಕೊಳ್ಳಬೇಕೋ ಅಂತ ಗಾಬರಿಯಾಗಿ, ಯಾರಿಗೂ ಹೇಳದೆ ನನ್ನನ್ನು ಎತ್ತಿ ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿಬಿಟ್ಟ!

ನನ್ನ ಹೊಟ್ಟೆಯಲ್ಲಿದ್ದ ಒಂಬತ್ತು ಬಾಟಲಿಗೆ ಬೊಟ್ಟು ಬಿದ್ದಿರಲಿಲ್ಲ, ಬೂಷ್ಟು ಹತ್ತಿರಲಿಲ್ಲ. ಅದರಲ್ಲಿ ಒಂದರೊಳಗೆ, ಕಂದು ಗಂಟಿನ ಪಕ್ಕದಲ್ಲಿ, ಏನೋ ಬೆಳ್ಳಗೆ ಉಬ್ಬಿದೆ ಅಂತ ನನಗೆ ಎರಡು ದಿನದಿಂದ ಗೊತ್ತು. ನನಗೆ ಮಾತ್ರ ಗೊತ್ತು. ಕೂಗಿ ಹೇಳೋಣವೆಂದರೆ ನನ್ನ ಹಣೆಬರಹ ನೋಡಿ, ಹಬೆ ತುಂಬದೆ ನಾನು ಕೂಗಲಾರೆ, ಕೂಗುವ ಹೊತ್ತಿಗೆ ಒಳಗಿದ್ದದ್ದು ಬೆಂದಿರುತ್ತದೆ. ಅದನ್ನು ಕೊಲ್ಲುವುದು ನಾನೇ. ತಳದ ನೀರು ಬೆಚ್ಚಗಾಗತೊಡಗಿತು. ಗಾಬರಿ, ದುಃಖ, ನನ್ನ ಮೇಲೇ ಅಸಹ್ಯ ಎಲ್ಲ ಒಟ್ಟಿಗೆ ಬಂದವು. ದೇವರೇ, ಸಿಲಿಂಡರಾದರೂ ಖಾಲಿಯಾಗಲಿ ಅಂತ ಬೇಡಿಕೊಂಡೆ.

ಮಂಗಳಗೌರಿ ಬೂಷ್ಟಿನ ಬಾಟಲಿಗಳ ತಟ್ಟೆ ಹೊತ್ತು ಬಂದಳು. "ಇದೇನು ಗಂಗಣ್ಣ, ಬಾಟ್ಲಿ ಹಾಕೋ ಮುಂಚೇನೇ ಖಾಲಿ ಕುಕ್ಕರಿಗೆ ಉರಿ ಇಟ್ಟಿದ್ದೀರಾ?"

ಅವನು ನೆಲ ನೋಡುತ್ತಾ ಅಂದ: "ಖಾಲಿ ಅಲ್ಲ ಕಣವ್ವ. ನೀನು ಅವತ್ತು ಇಟ್ಟೋಗಿದ್ದೆಯಲ್ಲ, ಆ ಹಳೇ ಬಾಟ್ಲಿ. ಹಬ್ಬದ ದಿನ ಉರಿ ಇಡಬಾರದು ಅಂತ ಹಂಗೇ ಬಿಟ್ಟಿದ್ದೆ. ಅದಕ್ಕೂ ಬೈಬ್ಯಾಡ."

ತಟ್ಟೆ ಟೇಬಲ್ಲಿಗೆ ಬಿದ್ದ ಸದ್ದು ಕೇಳಿತು. ಅವಳ ಕೈ ಗ್ಯಾಸಿನ ತಿರುಗಣೆಗೆ ಬಂತು, ಉರಿ ಆರಿತು. ಮುಚ್ಚಳ ತೆಗೆದಳು. ಒಂದು ಬಾಟಲಿ ತೆಗೆದಳು, ಕರ್ರಗೆ ಸತ್ತಿತ್ತು. ಎರಡು, ಮೂರು, ನಾಲ್ಕು, ಎಲ್ಲ ಹಾಗೇ. ಏಳನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದವಳು ತಿರುಗಿಸಿ ತಿರುಗಿಸಿ ನೋಡಿದಳು. ಕಂದು ಗಂಟಿನ ಒಂದು ಮಗ್ಗುಲಲ್ಲಿ ಅರ್ಧ ಕಡಲೆಕಾಳಿನಷ್ಟು ತಿಳಿಹಳದಿ ಚಿಗುರು ಗಂಟು.

"ಮೇಡಂ! ಇಲ್ಲಿ ಬನ್ನಿ ಮೇಡಂ!"

ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು. "ಬದುಕಿದೆ," ಅಂದರು. ಗಂಗಹನುಮಯ್ಯ ಬಾಗಿಲ ಹೊರಗೆ ಹೋಗಿ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ.

ಅವತ್ತು ಸತ್ತವರನ್ನು ಬೇಯಿಸುವ ಮುಂಚೆ ನನ್ನಲ್ಲಿ ಮೊದಲು ಹೊಸ ಊಟ ಬೇಯಿಸಿದರು. ಎಳನೀರು ಗಂಗಹನುಮಯ್ಯನೇ ಓಡಿಹೋಗಿ ತಂದ. ಆ ಇಪ್ಪತ್ತು ನಿಮಿಷ ಕಟ್ಟಿದಂಥ ಉಸಿರನ್ನು ನಾನು ನನ್ನ ಜೀವಮಾನದಲ್ಲೇ ಕಟ್ಟಿರಲಿಲ್ಲ. ಆ ಅರ್ಧ ಕಡಲೆಕಾಳನ್ನು ಹೊಸ ಬಾಟಲಿಗೆ ದಾಟಿಸಿ, ಪಕ್ಕದ ಶುದ್ಧವಾದ ಕೋಣೆಯಲ್ಲಿಟ್ಟರು. ಗಂಗಹನುಮಯ್ಯ ದಿನಾ ಬೆಳಗ್ಗೆ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಮಾರು ದೂರದಿಂದ ಬಗ್ಗಿ ನೋಡುತ್ತಿದ್ದ. ಅದು ಬೆಳೆಯುವ ತನಕ ಎಲೆ ಅಡಿಕೆ ಮುಟ್ಟೋದಿಲ್ಲ ಅಂತ ಹರಕೆ ಹೊತ್ತಿದ್ದ. ಮೂವತ್ತು ವರ್ಷದ ಚಟ ಅದು.

ಮೂರು ವಾರಕ್ಕೆ ಗಂಟು ನೆಲ್ಲಿಕಾಯಿಯಷ್ಟಾಯಿತು. ಅದನ್ನು ನಾಲ್ಕು ಮಾಡಿದರು, ನಾಲ್ಕು ಹದಿನಾರಾಯಿತು. ದ್ರವಕ್ಕೆ ಬಿಟ್ಟರು, ಶೇಕರ್ ಕುಲುಕಿತು. ಆದರೆ ಬದುಕಿದ್ದಷ್ಟಕ್ಕೇ ಆಗಲಿಲ್ಲವಲ್ಲ, ಅಷ್ಟು ಸಂಕಟಪಟ್ಟ ಕೋಶ ಸತ್ವ ಕೊಡುವುದನ್ನು ಮರೆತಿದ್ದರೆ? ಗಡುವಿಗೆ ಐದು ವಾರ ಇರುವಾಗ ಪರೀಕ್ಷೆ ಮಾಡಿದರು. ಸತ್ವ ಅಳೆಯುವ ಯಂತ್ರದಿಂದ ಕಾಗದದ ಮೇಲೆ ಗೆರೆ ಬರುತ್ತಿತ್ತು. ಮೂವರೂ ಅದರ ಮುಂದೆ ನಿಂತಿದ್ದರು. ಗೆರೆ ನೆಟ್ಟಗೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಆಮೇಲೆ ಇರಬೇಕಾದ ಜಾಗದಲ್ಲೇ ಗೋಪುರದಂತೆ ಎದ್ದಿತು.

"ಬಂತು ಗೌರಿ," ಅಂದರು ಮೇಡಂ. ಅಬ್ಬಾ! ಅಷ್ಟೂ ತಿಂಗಳ ಹಬೆಯನ್ನು ಒಂದೇ ಸಲ ಬಿಟ್ಟಷ್ಟು ಹಗುರವಾಯಿತು ನನಗೆ. ಮಂಗಳಗೌರಿ ಗಂಗಹನುಮಯ್ಯನ ಕಾಲಿಗೆ ಬಗ್ಗಿದಳು. ಅವನು ಹೌಹಾರಿ ಹಿಂದೆ ಸರಿದು, "ಏಯ್, ಬಿಡ್ತು ಅನ್ನು, ನಾನು ಕೊಂದವನು ಕಣವ್ವ," ಅಂದ.

"ಉಳಿಸಿದವರೂ ನೀವೇ ಗಂಗಣ್ಣ. ಹೇಳಿದ ಕೆಲಸ ಮಾಡಿದ್ದಿದ್ರೆ ಇವತ್ತು ಇದೂ ಇರ್ತಿರಲಿಲ್ಲ," ಅಂದಳು ಅವಳು. ಮೇಡಂ ನಕ್ಕರು. ಆ ಸೋಮವಾರದಿಂದೀಚೆಗೆ ಆ ಲ್ಯಾಬಿನಲ್ಲಿ ಕೇಳಿದ ಮೊದಲ ನಗು ಅದು.

ಮಂಗಳಗೌರಿ ಡಾಕ್ಟರಾದಳು. ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಶೇಕರಿನ ಮೇಲೆ ಈಗ ಕನ್ನಡದ ಚೀಟಿಯಿದೆ, ಗಂಗಹನುಮಯ್ಯನದೇ ಗುಂಡು ಅಕ್ಷರ: 'ಒಳಗೆ ಜೀವ ಇದೆ. ಆರಿಸಬೇಡಿ.'

ನನ್ನ ಕಥೆಯೂ ಮುಗಿಯುತ್ತಾ ಬಂತು. ಆಟೋಕ್ಲೇವ್ ಕೊನೆಗೂ ಬಂತು, ಆಳೆತ್ತರದ್ದು, ತನ್ನಷ್ಟಕ್ಕೆ ತಾನೇ ಆರುತ್ತದೆ. ನನ್ನ ತಳ ಉಬ್ಬಿತ್ತು, ನನ್ನ ಅಳತೆಯ ಗ್ಯಾಸ್ಕೆಟ್ ಈಗ ಮಂಡಿಪೇಟೆಯಲ್ಲೂ ಸಿಗೋದಿಲ್ಲ. ಗುಜರಿಗೇ ನಾನು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಉಗ್ರಾಣದಲ್ಲಿ ಕೂತಿದ್ದೆ.

ಅಷ್ಟರಲ್ಲಿ ಮಂಗಳಗೌರಿ ಹದಿನೇಳನೇ ನಂಬರಿನ ಕೆಲವು ಗಂಟುಗಳಿಗೆ ಬೇರೆ ಥರದ ಊಟ ಕೊಟ್ಟು ನೋಡಿದಳು. ಒಂದು ಗಂಟು ಎರಡು ಪುಟ್ಟ ಎಲೆ ಬಿಟ್ಟಿತು, ಆಮೇಲೆ ಕೂದಲೆಳೆಯಂಥ ಬೇರು. ಹಳ್ಳದ ಬದಿಯಲ್ಲಿ ಅಗೆದುಹೋಗಿದ್ದ ಅದೇ ಗಿಡ, ಮತ್ತೆ ಗಿಡವಾಗಿಯೇ ಬಂತು! ನೆಡಲು ಕುಂಡ ಬೇಕಾಯಿತು. ಗಂಗಹನುಮಯ್ಯ ಉಗ್ರಾಣಕ್ಕೆ ಬಂದು, ನನ್ನನ್ನು ಮಗುಚಿ, ತಳಕ್ಕೆ ನಾಲ್ಕು ತೂತು ಕೊರೆದ. ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟು ಬರಲಿಲ್ಲ.

ಈಗ ವಿಭಾಗದ ಮೆಟ್ಟಿಲ ಪಕ್ಕ, ಬೆಳಗಿನ ಬಿಸಿಲು ಬೀಳುವ ಕಡೆ ಕೂತಿದ್ದೇನೆ. ಕತ್ತಿನ ತನಕ ಕೆಮ್ಮಣ್ಣು, ಗೊಬ್ಬರ. ಜೀವಮಾನವೆಲ್ಲ ನನ್ನೊಳಗೆ ಹೋದದ್ದು ಬೆಂದೇ ಹೊರಗೆ ಬಂದಿತ್ತು. ಒಂದು ಸೂಕ್ಷ್ಮಜೀವಿ ಬದುಕುಳಿದರೂ ನನಗೆ ಕೆಟ್ಟ ಹೆಸರು. ಈಗ ಎರೆಹುಳು ಮಗ್ಗುಲು ಬದಲಿಸುತ್ತದೆ, ಇರುವೆ ಮೊಟ್ಟೆ ಹೊತ್ತು ಓಡಾಡುತ್ತದೆ, ಯಾರೂ ಬೈಯೋದಿಲ್ಲ.

ಹೋದ ತಿಂಗಳು ಸರ್ಪಗಂಧದ ಬೇರು ಕೆಳಗಿಳಿಯುತ್ತಾ ಬಂದು ನನ್ನ ಗೋಡೆಗೆ ತಾಗಿತು. ಇಷ್ಟು ವರ್ಷ ಉರಿಯ ಮೇಲೆ ಕೂತವಳು, ಎಲ್ಲಿ ಮೈ ಇನ್ನೂ ಸುಡುತ್ತಿದೆಯೋ ಏನೋ ಅಂತ ಅಲ್ಲಾಡದೆ ಕಾದೆ. ಬೇರು ಹಿಂದೆ ಸರಿಯಲಿಲ್ಲ. ನನ್ನ ಮೈಗೆ ಒರಗಿಕೊಂಡು ಹಾಗೇ ಮುಂದಕ್ಕೆ ಬೆಳೆಯಿತು.